ಹಳೇ ವ್ಯಾನ್‌ಗೆ ಥರ್ಡ್ ಪಾರ್ಟಿ ಸಾಕಾ, ಫುಲ್ ವಿಮೆ ಬೇಕಾ?

ನಮ್ಮದು 12 ವರ್ಷದ ವ್ಯಾನ್. ಹಿಂದೆ ಹಾಸಿಗೆ, ಸಣ್ಣ ಒಲೆ. ಕಲಬುರಗಿಯಿಂದ ಬಸವಕಲ್ಯಾಣ, ಬೀದರ್ ಅಂತ ಸುತ್ತುತ್ತೇವೆ.

ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಇರುವ ವಿಮೆ, ಕಡ್ಡಾಯ, ಅಗ್ಗ. ಆದರೆ ನಮ್ಮ ಗಾಡಿ ಜಜ್ಜಿದರೆ ಬಿಡಿಗಾಸೂ ಬರುವುದಿಲ್ಲ.

ಫುಲ್ ವಿಮೆಯಲ್ಲಿ ಅಪಘಾತ, ಬೆಂಕಿ, ಕಳವು, ನೆರೆ ಎಲ್ಲ ಸೇರುತ್ತವೆ. ಭೀಮೆ ಉಕ್ಕುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಆದರೆ ನೀರಲ್ಲಿ ನಿಂತ ಗಾಡಿ ಸ್ಟಾರ್ಟ್ ಮಾಡಿ ಇಂಜಿನ್ ಕೆಟ್ಟರೆ, ಹೆಚ್ಚಿನ ಹಣ ಕೊಟ್ಟು ಸೇರಿಸಿಕೊಳ್ಳುವ ಆ್ಯಡ್-ಆನ್ ಇಲ್ಲದಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಸವಕಳಿಯೂ ಜಾಸ್ತಿ, ಅಂದರೆ ಹೊಸ ಭಾಗ ಹಾಕಿಸಿದಾಗ ಗಾಡಿ ಹಳೆಯದೆಂದು ಕಂಪನಿ ಅದರ ಬೆಲೆಯಲ್ಲಿ ಒಂದು ಪಾಲು ಕಡಿಯುತ್ತದೆ. 10 ವರ್ಷ ದಾಟಿದರೆ ಲೋಹದ ಭಾಗಕ್ಕೆ ಶೇ 50 ಕಡಿತ. ಟೈರು, ಪ್ಲಾಸ್ಟಿಕ್, ಬ್ಯಾಟರಿಗೂ ಅಷ್ಟೇ. ಗಾಜಿಗೆ ಮಾತ್ರ ಕಡಿತವಿಲ್ಲ. ಈ ಕಡಿತ ತಪ್ಪಿಸುವ ಜೀರೋ ಡೆಪ್ ಆ್ಯಡ್-ಆನ್ ಇಷ್ಟು ಹಳೇ ಗಾಡಿಗೆ ಸಿಗುವುದೇ ಕಷ್ಟ.

ತುಕ್ಕು, ಸೋರುವ ಚಾವಣಿ, ನಮ್ಮ ಬಿಸಿಲಿಗೆ ಬಿರಿದ ರಬ್ಬರ್? ಎರಡರಲ್ಲೂ ಇಲ್ಲ. ಅದು ಸವೆತ, ಅಪಘಾತ ಅಲ್ವಲ್ಲ!

ಒಳಗಿನ ಮಾರ್ಪಾಡು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಬರೆಸಿರಬೇಕು. ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು.

5 ವರ್ಷ ದಾಟಿದ ಗಾಡಿಯ ಬೆಲೆಯನ್ನು ಕಂಪನಿ, ನಾವು ಕೂತು ಒಪ್ಪಿಕೊಳ್ಳಬೇಕು. ಅದು ಎರಡು ಲಕ್ಷದ ಆಸುಪಾಸು ಇದ್ದರೆ ನಾನು ಫುಲ್ ಮಾಡಿಸುತ್ತೇನೆ. ಐವತ್ತು ಸಾವಿರಕ್ಕೆ ಇಳಿದಿದ್ದರೆ ಸುಮ್ನೆ ಥರ್ಡ್ ಪಾರ್ಟಿ.