ಮೇಲಿನ ಒಂದು ಇಂಚು ನೋಡಿ ಮೆಮೊರಿ ಫೋಮ್ ಹಾಸಿಗೆ ಕೊಳ್ಳಬೇಡಿ

ಕರಾವಳಿಯ ಒಂದು ಮನೆಗೆ ಜನವರಿಯಲ್ಲಿ ಬಂದ ಮೆಮೊರಿ ಫೋಮ್ (ಒತ್ತಿದರೆ ಇಳಿದು ಮೆಲ್ಲಗೆ ಮೇಲೇಳುವ ಫೋಮ್) ಹಾಸಿಗೆ ಮರುವರ್ಷ ಮಾರ್ಚ್ ಹೊತ್ತಿಗೆ ಕೆಲಸಕ್ಕೆ ಬಾರದಂತಾಯಿತು. ಬಾಳಿದ್ದು 14 ತಿಂಗಳು. ಅಳತೆ 78x60 ಇಂಚು, ದಪ್ಪ 6 ಇಂಚು. ಮೇಲೆ 'ಆರ್ಥೋಪೆಡಿಕ್ ಮೆಮೊರಿ ಫೋಮ್', '10 ವರ್ಷ ವಾರಂಟಿ' ಎಂಬ ಚೀಟಿ. ಗಂಡ ಹೆಂಡತಿ ಮಲಗುವ ಎರಡೂ ಜಾಗದಲ್ಲಿ ಕುಳಿ, ನಡುವೆ ದಿಬ್ಬ. ಎತ್ತಿ ನೋಡಿದರೆ ತಳದ ಬಟ್ಟೆಯ ತುಂಬ ಕಪ್ಪು ಬೂಷ್ಟು. ಮಾರಿದವರಿಗೆ ದೂರು ಕೊಟ್ಟರೆ ಎರಡು ಸಾಲಿನ ಉತ್ತರ ಬಂತು: ಕುಳಿ 1 ಇಂಚಿಗಿಂತ ಕಡಿಮೆ ಇದೆ, ಕಲೆ ಬಿದ್ದಿದೆ, ವಾರಂಟಿ ಅನ್ವಯಿಸುವುದಿಲ್ಲ. ಆ ಹಾಸಿಗೆಯೊಳಗೆ ಏನಿತ್ತು, ಯಾಕೆ ಕೆಟ್ಟಿತು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದೆ. ಇನ್ನೊಂದು ಮನೆಯವರ ದುಡ್ಡು, ನಿದ್ದೆ ಹೀಗೆ ಹಾಳಾಗಬಾರದು.

ಕವರಿನ ಹೊಲಿಗೆ ಬಿಚ್ಚಿದಾಗ ಮೊದಲು ಸಿಕ್ಕಿದ್ದು ಒಂದು ತೆಳ್ಳನೆಯ ಹಳದಿ ಪದರ. ಮೆಮೊರಿ ಫೋಮ್ ಅಂತ ಇದ್ದದ್ದು ಅದೊಂದೇ, ಮುಕ್ಕಾಲು ಇಂಚು. ಅದರ ಕೆಳಗಿನ ಐದೂಕಾಲು ಇಂಚು ಸಾದಾ ಪಿಯು (ಪಾಲಿಯುರೆಥೇನ್) ಫೋಮ್, ಮುಷ್ಟಿಯಿಂದ ಅದುಮಿದರೆ ಮಂಚದ ಹಲಗೆ ಕೈಗೆ ತಾಗುವಷ್ಟು ಮೆತ್ತಗೆ. ಕವರ್ ಸೇರಿ ಇಡೀ ಹಾಸಿಗೆ 13 ಕಿಲೋ ತೂಗಿತು. ಹಾಸಿಗೆ ಮನೆಗೆ ಬಂದ ದಿನವೇ ತೂಗಿದ್ದರೆ ಅಂದೇ ವಾಪಸ್ ಕಳಿಸಬಹುದಿತ್ತು.

ಆ ತೂಕದ ಲೆಕ್ಕ ಎಲ್ಲರೂ ಕಲಿತಿಟ್ಟುಕೊಳ್ಳಬೇಕಾದದ್ದು. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವುದು. 78x60 ಅಳತೆಯಲ್ಲಿ ಒಂದು ಇಂಚು ದಪ್ಪದ ಪದರ ಸುಮಾರು 0.077 ಘನ ಮೀಟರ್ ಆಗುತ್ತದೆ. 32 ಡೆನ್ಸಿಟಿಯ ಫೋಮಾದರೆ ಇಂಚಿಗೆ ಹತ್ತಿರ ಎರಡೂವರೆ ಕಿಲೋ, 50 ಡೆನ್ಸಿಟಿಯ ಮೆಮೊರಿ ಫೋಮಾದರೆ ಇಂಚಿಗೆ 3.8 ಕಿಲೋ. ತಳಕ್ಕೆ 32ರದ್ದು ಐದು ಇಂಚು, ಮೇಲೆ 50ರದ್ದು ಒಂದು ಇಂಚು, ಕವರಿಗೆ ಒಂದೂವರೆ ಕಿಲೋ ಅಂತಿಟ್ಟರೂ 17ರಿಂದ 18 ಕಿಲೋ ಬರಬೇಕು. ಬಂದದ್ದು 13. ಅಂದರೆ ತಳದ ಫೋಮ್ 21ರ ಆಸುಪಾಸಿನದು. ಇಬ್ಬರು ದೊಡ್ಡವರು ದಿನಾ ಏಳೆಂಟು ಗಂಟೆ ಮಲಗುವ ಹಾಸಿಗೆಗೆ ಅದು ಸಾಲದು. ಕಡಿಮೆ ಡೆನ್ಸಿಟಿಯ ಫೋಮಿನಲ್ಲಿ ಒಳಗಿನ ಸಣ್ಣ ಗೂಡುಗಳ ಗೋಡೆ ಬಲವಿಲ್ಲದ್ದು. ಸೊಂಟ ಮತ್ತು ಭುಜ ಒತ್ತುವ ಕಡೆ ಅವು ದಿನಾ ಮಡಚಿ ಮಡಚಿ ಕೊನೆಗೆ ಮುರಿಯುತ್ತವೆ, ಮತ್ತೆ ಮೇಲೇಳುವುದಿಲ್ಲ. ಮೇಲಿನ ಮೆಮೊರಿ ಪದರ ಎಷ್ಟೇ ಚೆನ್ನಾಗಿರಲಿ, ಕೆಳಗಿನದು ಕುಸಿದರೆ ಅದೂ ಜೊತೆಗೆ ಇಳಿಯುತ್ತದೆ.

ತೂಕವೊಂದನ್ನೇ ನಂಬಿದರೂ ಮೋಸ ಹೋಗಬಹುದು. ಫೋಮ್ ತಯಾರಿಸುವಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿದರೆ ತೂಕ ಏರುತ್ತದೆ, ಬಾಳಿಕೆ ಏರುವುದಿಲ್ಲ. ಹೆಚ್ಚು ಬೆರೆಸಿದ ಫೋಮನ್ನು ಕಪ್ಪು ಬಟ್ಟೆಗೆ ಉಜ್ಜಿದರೆ ಬಿಳಿ ಪುಡಿ ಉದುರುವುದುಂಟು. ಇನ್ನು ಫೋಮ್ ಚೂರುಗಳನ್ನು ಅಂಟಿಸಿ ಒತ್ತಿದ ರೀಬಾಂಡೆಡ್ ಪದರ ತುಂಬ ಭಾರ, ತುಂಬ ಗಟ್ಟಿ. ಅದನ್ನು ತಳಕ್ಕೆ ಹಾಕುವುದು ತಪ್ಪಲ್ಲ, ಹೇಳಿ ಹಾಕಬೇಕು. ಬಣ್ಣಬಣ್ಣದ ಚೂರು ಕಂಡರೆ ಅದು ರೀಬಾಂಡೆಡ್. ಹಾಗಾಗಿ ಜಿಪ್ ತೆಗೆದು ಒಳಗಿನ ಪದರ ನೋಡಲು ಬರುವ ಹಾಸಿಗೆಯನ್ನೇ ಆರಿಸಿ. ಸುತ್ತಲೂ ಹೊಲಿದು ಮುಚ್ಚಿದ್ದರೆ, ಪ್ರತಿ ಪದರದ ದಪ್ಪ ಮತ್ತು ಡೆನ್ಸಿಟಿಯನ್ನು ಬಿಲ್ಲಿನ ಮೇಲೆ ಬರೆದು ಕೊಡಿ ಅನ್ನಿ. ಬರೆದುಕೊಡಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಇನ್ನೊಂದು ಗೊಂದಲ: ಡೆನ್ಸಿಟಿ ಹೆಚ್ಚಿದ್ದರೆ ಹಾಸಿಗೆ ಗಟ್ಟಿ ಅಂತ ಅನೇಕರು ತಿಳಿದಿದ್ದಾರೆ, ಮಾರುವವರೂ ಹಾಗೇ ಹೇಳುತ್ತಾರೆ. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. 50 ಡೆನ್ಸಿಟಿಯ ಮೆಮೊರಿ ಫೋಮ್ 32ರ ಸಾದಾ ಫೋಮಿಗಿಂತ ಮೆತ್ತಗಿರಬಹುದು.

ಸುಖದ ಮಾತಿಗೆ ಬರೋಣ. ಮೆಮೊರಿ ಫೋಮ್ ಕೂಡ ಪಾಲಿಯುರೆಥೇನೇ, ಆದರೆ ನಾವು ಮಲಗುವ ಕೋಣೆಯ ಬಿಸಿ-ತಂಪಿನ ಅಳತೆಯೊಳಗೇ ಅದರ ಗುಣ ಬದಲಾಗುತ್ತದೆ. ತಣ್ಣಗಿದ್ದಾಗ ಬಿಗಿ, ಬೆಚ್ಚಗಾದರೆ ಮೆತ್ತಗೆ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಇದನ್ನು ರೂಪಿಸಿದ್ದು ವಿಮಾನದ ಆಸನಕ್ಕೆ. ಮಾರುವವರು ನಾಸಾ ಹೆಸರು ಹೇಳಿದಾಗ ಇದನ್ನು ನೆನಪಿಡಿ, ಸೆಕೆಯ ರಾತ್ರಿ ಎಂಟು ಗಂಟೆ ಬೆವರುವ ಮೈ ಆ ಕೆಲಸದ ಗುರಿಯಾಗಿರಲಿಲ್ಲ. 22 ಡಿಗ್ರಿ ಎಸಿ ಇರುವ ಅಂಗಡಿಯಲ್ಲಿ ಎರಡು ನಿಮಿಷ ಒರಗಿ 'ಆಹಾ, ಹದವಾಗಿದೆ' ಅನ್ನಿಸಿದ ಹಾಸಿಗೆ ಮೇ ತಿಂಗಳಲ್ಲಿ ಮಂಗಳೂರಿನ ಫ್ಯಾನ್ ಕೋಣೆಯಲ್ಲಿ ಬೇರೆಯದೇ ವಸ್ತು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮೈ ತಾಗುವ ಮೊದಲೇ ಕೋಣೆಯ ಕಾವಿಗೆ ಫೋಮ್ ಮೆತ್ತಗಾಗಿರುತ್ತದೆ, ಸೊಂಟ ನೇರ ತಳಕ್ಕೆ ಇಳಿಯುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಇದಕ್ಕೆ ತಿರುಗುಮುರುಗು: ಮಲಗಿದ ಕೂಡಲೇ ಗಟ್ಟಿ ಅನ್ನಿಸಿ, ಮೈಕಾವು ಇಳಿದ ಮೇಲೆ ನಿಧಾನವಾಗಿ ಹದಕ್ಕೆ ಬರುತ್ತದೆ.

ಇನ್ನು ಸೆಕೆ. ಮೈ ಫೋಮಿನೊಳಗೆ ಇಳಿದಷ್ಟೂ ಫೋಮ್ ಮೈಯನ್ನು ಸುತ್ತಿಕೊಳ್ಳುತ್ತದೆ, ಗಾಳಿ ಆಡಲು ಜಾಗ ಉಳಿಯುವುದಿಲ್ಲ. ಮೆಮೊರಿ ಫೋಮಿನೊಳಗೆ ಗಾಳಿ ಹರಿಯುವುದೂ ಸಾದಾ ಫೋಮಿಗಿಂತ ಕಡಿಮೆ. ಬೆನ್ನು ಬೆವರುವುದು ಇದರಿಂದ. 'ಜೆಲ್' ಸೇರಿಸಿದ ಹಾಸಿಗೆ ಮುಟ್ಟಿದಾಗ ತಂಪೆನಿಸುವುದು ನಿಜ. ಜೆಲ್ ಕೂಡ ಮೈಯಷ್ಟೇ ಬೆಚ್ಚಗಾದ ಮೇಲೆ ಆ ತಂಪು ಮುಗಿಯಿತು. ಎಸಿ ಇಲ್ಲದ ಕರಾವಳಿ ಮನೆಗೆ 2 ಇಂಚಿಗಿಂತ ದಪ್ಪದ ಮೆಮೊರಿ ಪದರ ಬೇಡವೇ ಬೇಡ. ಅಲ್ಲಿಗೆ ತೆಂಗಿನ ನಾರಿನ ಹಾಸಿಗೆಯೋ ತೂತುಗಳಿರುವ ಲೇಟೆಕ್ಸೋ ಹೆಚ್ಚು ಹೊಂದುತ್ತದೆ.

ಆ ಮನೆಯ ಬೂಷ್ಟಿಗೆ ಕಾರಣ ಮಾತ್ರ ಫೋಮಲ್ಲ, ಮಂಚ. ಅದು ಕೆಳಗೆ ಸಾಮಾನು ತುಂಬುವ ಹೈಡ್ರಾಲಿಕ್ ಮಂಚ, ಮೇಲೆ ಒಂದೂ ತೂತಿಲ್ಲದ ಪ್ಲೈವುಡ್ ಹಲಗೆ, ಮೈಕಾ ಬೇರೆ ಅಂಟಿಸಿದ್ದು. ಬೆವರಿನ ತೇವ ಫೋಮಿನ ಮೂಲಕ ಕೆಳಗಿಳಿದು, ತಣ್ಣಗಿರುವ ಹಲಗೆ ತಾಗಿದಲ್ಲಿ ನಿಂತುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯಲ್ಲೇ ತೇವ ತುಂಬಿರುವಾಗ ಅದು ಆರುವ ದಾರಿಯೇ ಇಲ್ಲ. ಮುಗ್ಗಲು ವಾಸನೆ ಜುಲೈಯಲ್ಲೇ ಬಂದಿತ್ತಂತೆ, ಮಳೆಗಾಲ ತಾನೇ ಅಂತ ಯಾರೂ ಹಾಸಿಗೆ ಎತ್ತಿ ನೋಡಲಿಲ್ಲ. ತೇವ ಹೆಚ್ಚಿದಷ್ಟೂ ಫೋಮ್ ಇನ್ನಷ್ಟು ಮೆತ್ತಗಾಗುತ್ತದೆ, ಹೀಗಾಗಿ ಕುಳಿಗೂ ಅದು ಪಾಲುಗಾರ.

ಇಂಥ ಮಂಚ ಇದ್ದರೆ ಬಡಗಿಯನ್ನು ಕರೆಸಿ ಹಲಗೆಗೆ 1 ಇಂಚಿನ ತೂತುಗಳನ್ನು 6 ಇಂಚಿಗೊಂದರಂತೆ ಹೊಡೆಸಿ. ಅಂಚಿನ ಚೌಕಟ್ಟು, ಹೈಡ್ರಾಲಿಕ್ ಕೂರುವ ಜಾಗ ಬಿಟ್ಟುಕೊಳ್ಳಲಿ. ಒಳಗಿನ ಪೆಟ್ಟಿಗೆಯನ್ನೂ ಬಟ್ಟೆಯಿಂದ ಕಿಕ್ಕಿರಿಸಿ ತುಂಬಬೇಡಿ, ತೂತು ಹೊಡೆಸಿದ್ದು ವ್ಯರ್ಥವಾಗುತ್ತದೆ. ಪಟ್ಟಿ ಮಂಚವಾದರೆ ಪಟ್ಟಿಗಳ ನಡುವೆ 3 ಇಂಚಿಗಿಂತ ಹೆಚ್ಚು ಸಂದು ಇರಬಾರದು, ಇದ್ದರೆ ಫೋಮ್ ಸಂದಿಗೆ ಇಳಿಬೀಳುತ್ತದೆ. ನವಾರಿನ ಮಂಚಕ್ಕೆ, ಹಗ್ಗದ ಮಂಚಕ್ಕೆ ಈ ಹಾಸಿಗೆ ಆಗುವುದಿಲ್ಲ. ನೆಲದ ಮೇಲೆ ಹಾಸುವುದಂತೂ ಬೇಡ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹಾಸಿಗೆಯನ್ನು ಉದ್ದದ ಅಂಚಿನ ಮೇಲೆ ಗೋಡೆಗೆ ಒರಗಿಸಿ, ತಳದ ಬದಿಗೆ ಮೂರು ನಾಲ್ಕು ಗಂಟೆ ಫ್ಯಾನ್ ಬಿಡಿ. ನಮ್ಮಲ್ಲಿ ಹತ್ತಿ ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಹಾಕುವ ರೂಢಿ ಇದೆಯಲ್ಲ, ಅದು ಇದಕ್ಕೆ ಸಲ್ಲದು. ಬಿಸಿಲಿಗೆ ಪಾಲಿಯುರೆಥೇನ್ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಕವರಿಗೆ ಮಾತ್ರ ಬೂಷ್ಟು ಬಂದಿದ್ದರೆ ತೆಗೆದು ಒಗೆದು ಒಣಗಿಸಬಹುದು. ಫೋಮಿನೊಳಗೆ ಕಪ್ಪು ಚುಕ್ಕೆ ಇಳಿದಿದ್ದರೆ ಆ ಪದರ ಎಸೆಯಿರಿ, ಉಬ್ಬಸ ಇರುವವರು ಮನೆಯಲ್ಲಿದ್ದರೆ ಆ ದಿನವೇ.

ಎಲ್ಲರಿಗೂ ಇದು ಕೆಟ್ಟ ಹಾಸಿಗೆ ಅಂತಲ್ಲ. ಮಗ್ಗುಲಾಗಿ ಮಲಗುವವರ ಭುಜಕ್ಕೂ ಸೊಂಟದ ಮೂಳೆಗೂ ಇಷ್ಟು ಹಗುರ ಅನ್ನಿಸುವ ಹಾಸಿಗೆ ಅಪರೂಪ. ಪಕ್ಕದವರು ಹೊರಳಿದರೆ ಅಲುಗಾಟ ಈ ಕಡೆಗೆ ಬರುವುದಿಲ್ಲ. ಆದರೆ ಬೋರಲು ಮಲಗುವವರಿಗೆ ಹೊಟ್ಟೆ ಇಳಿದು ಸೊಂಟ ಬಾಗುತ್ತದೆ, ಬೆಳಿಗ್ಗೆ ನೋವು ಬರಬಹುದು. ವಯಸ್ಸಾದವರಿಗೆ ಮಗ್ಗುಲು ಬದಲಿಸಲು ಕಷ್ಟ. ಅಂಚಿನಲ್ಲಿ ಕೂತು ಏಳಬೇಕಾದಾಗ ಅಂಚು ಕುಸಿದು ಮಂಡಿಯ ಮೇಲೆ ಭಾರ ಬೀಳುತ್ತದೆ, ಜಾರಿ ಬೀಳುವ ಅಪಾಯವೂ ಇದೆ. ಅಪ್ಪ ಅಮ್ಮನಿಗೆಂದು ಕೊಳ್ಳುವವರು ಅವರನ್ನೇ ಕರೆದೊಯ್ದು ಅಂಚಿನಲ್ಲಿ ಕೂರಿಸಿ ಏಳಿಸಿ ನೋಡಿ. 'ಆರ್ಥೋಪೆಡಿಕ್' ಅನ್ನುವ ಪದ ವೈದ್ಯರ ಪ್ರಮಾಣಪತ್ರವಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ತೀರಾ ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೆಯದು ಅನ್ನುವ ನಂಬಿಕೆಯೂ ಪೂರ್ತಿ ಸರಿಯಲ್ಲ: ದೀರ್ಘಕಾಲದ ಸೊಂಟನೋವಿನ 313 ಜನರ ಮೇಲೆ ಸ್ಪೇನಿನಲ್ಲಿ ನಡೆದು 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಮಧ್ಯಮ ಗಟ್ಟಿಯ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು.

ಎಳೆಗೂಸುಗಳ ವಿಷಯದಲ್ಲಿ ಯಾವ ರಾಜಿಯೂ ಬೇಡ. ಮೆಮೊರಿ ಫೋಮಿನ ಮೇಲೆ ಹಸುಗೂಸನ್ನು ಮಲಗಿಸಲೇಬೇಡಿ. ಮಗು ಬೋರಲಾದರೆ ಮೂಗು ಬಾಯಿ ಕುಳಿಯೊಳಗೆ ಸಿಕ್ಕಿ, ತಲೆ ಎತ್ತುವ ಶಕ್ತಿಯಿಲ್ಲದೆ ಉಸಿರು ಕಟ್ಟಬಹುದು. ಮಗುವಿಗೆ ಸಮತಟ್ಟಾದ, ಒತ್ತಿದರೆ ಇಳಿಯದ ಬೇರೆ ಹಾಸಿಗೆ ಬೇಕು. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಇಡುವ ಮನೆಗಳಿವೆ. ಈ ಫೋಮಿಗೆ ಕಿಡಿ ತಾಗಿದರೆ ಬಹಳ ಬೇಗ ಹೊತ್ತುತ್ತದೆ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇರುತ್ತವೆ. ಮಂಚದ ಕೆಳಗೆ ಸೊಳ್ಳೆ ಬತ್ತಿ ಹಚ್ಚಿಡುವ ಅಭ್ಯಾಸವನ್ನೂ ಇಂದೇ ಬಿಡಿ.

ಕೊಳ್ಳುವಾಗ ಅಂಗಡಿಯಲ್ಲಿ ಕನಿಷ್ಠ 15 ನಿಮಿಷ, ಮನೆಯಲ್ಲಿ ಮಲಗುವ ಭಂಗಿಯಲ್ಲೇ ಮಲಗಿ. ಅಂಗೈಯಿಂದ ಒತ್ತಿ ಕೈ ತೆಗೆದರೆ ಅಚ್ಚು ಮೂರರಿಂದ ಐದು ಸೆಕೆಂಡಿನಲ್ಲಿ ಮೆಲ್ಲಗೆ ತುಂಬಬೇಕು. ಥಟ್ಟನೆ ಪುಟಿದರೆ ಅದು ಮೆಮೊರಿ ಫೋಮೇ ಅಲ್ಲ. ಸುರುಳಿ ಸುತ್ತಿ ಬಂದದ್ದನ್ನು ಬೇಗ ಬಿಚ್ಚಿ, ಬ್ಲೇಡನ್ನು ಪ್ಲಾಸ್ಟಿಕ್ಕಿನ ಅಂಚಿಗಷ್ಟೇ ಹಾಕಿ. ಕಿಟಕಿ ತೆರೆದು 24ರಿಂದ 72 ಗಂಟೆ ಬಿಟ್ಟ ಮೇಲೆ ನಾಲ್ಕೂ ಮೂಲೆಯ ದಪ್ಪ ಅಳೆದು ಫೋಟೋ ತೆಗೆದಿಡಿ. 100 ರಾತ್ರಿ ಪ್ರಯೋಗ ಅಂದವರ ಹತ್ತಿರ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ: ದಿನ ಎಂದಿನಿಂದ ಎಣಿಕೆ, ಒಯ್ಯುವ ಖರ್ಚು ಯಾರದು, ದುಡ್ಡು ವಾಪಸ್ಸೋ ಬದಲಿ ಹಾಸಿಗೆಯೋ. ಮೊದಲ ದಿನದಿಂದಲೇ ನೀರು ತಡೆಯುವ, ಮೇಲೆ ಟೆರ್ರಿ ಬಟ್ಟೆ ಇರುವ ಪ್ರೊಟೆಕ್ಟರ್ ಹಾಕಿ, ಒಂದೇ ಒಂದು ಕಲೆ ವಾರಂಟಿಯನ್ನು ಅಳಿಸಿಹಾಕುತ್ತದೆ. ಮೂರು ತಿಂಗಳಿಗೊಮ್ಮೆ ತಲೆಕಡೆ ಕಾಲ್ಕಡೆ ಅದಲುಬದಲು ಮಾಡಿ. ಮೆಮೊರಿ ಪದರ ಒಂದೇ ಬದಿಗಿರುವುದರಿಂದ ಮಗುಚಬೇಡಿ.

ವಾರಂಟಿಯಲ್ಲಿ ಕುಳಿ ಅಳೆಯುವುದು ಯಾರೂ ಮಲಗದೆ ಇರುವಾಗ. ತಲೆಯಿಂದ ಕಾಲಿನವರೆಗೆ ದಾರ ಬಿಗಿಯಾಗಿ ಎಳೆದು ಕುಳಿಯ ನಡುವೆ ಸ್ಕೇಲ್ ನಿಲ್ಲಿಸುತ್ತಾರೆ. ಆ ಕರಾವಳಿ ಮನೆಯ ಹಾಸಿಗೆಯಲ್ಲಿ ಬಂದದ್ದು 22 ಮಿಲಿಮೀಟರ್. 1 ಇಂಚು ಅಂದರೆ 25.4. ಹೀಗೆ ಮೂರು ಚಿಲ್ಲರೆ ಮಿಲಿಮೀಟರಿನಿಂದ ದೂರು ಬಿದ್ದುಹೋಯಿತು, 75 ಕಿಲೋದ ಮನುಷ್ಯ ಮಲಗಿದಾಗ ಅದೇ ಕುಳಿ ಎಷ್ಟು ಆಳಕ್ಕೆ ಇಳಿಯುತ್ತದೆಂದು ಯಾರೂ ಕೇಳಲಿಲ್ಲ. ಕುಳಿಯ ಮಿತಿ ಎಷ್ಟು ಎಂದು ಕೊಳ್ಳುವ ಮೊದಲೇ ಓದಿ. ಹೇಳಿದ ಪದರ ಒಳಗಿಲ್ಲದಿದ್ದರೆ ಅದು ವಾರಂಟಿಯ ಮಾತಲ್ಲ, ಸುಳ್ಳು ಹೇಳಿ ಮಾರಿದ್ದು. ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್, ತೂಕದ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಈಗಾಗಲೇ ಕುಸಿದ ಹಾಸಿಗೆ ಇದ್ದವರು ಅದರ ಮೇಲೆ ಇನ್ನೊಂದು ಟಾಪರ್ (ಮೇಲೆ ಹಾಸುವ ತೆಳು ಹಾಸಿಗೆ) ಹಾಕಿ ದುಡ್ಡು ಕಳೆಯಬೇಡಿ, ಅದೂ ಅದೇ ಕುಳಿಯ ಆಕಾರ ಪಡೆಯುತ್ತದೆ. ಕೆಳಗೆ ಪ್ಲೈವುಡ್ ಕೊಟ್ಟರೂ ಪ್ರಯೋಜನವಿಲ್ಲ, ಕುಳಿ ಇರುವುದು ಫೋಮಿನೊಳಗೆ. ಮೆಮೊರಿ ಪದರ ಬೂಷ್ಟಿಲ್ಲದೆ ಚೆನ್ನಾಗಿದ್ದರೆ ಅಂಟು ಬಿಡಿಸಿ ಹುಷಾರಾಗಿ ತೆಗೆಯಿರಿ. ಫೋಮ್ ಅಂಗಡಿಯಲ್ಲಿ 32 ಅಥವಾ 40 ಡೆನ್ಸಿಟಿಯ ಗಟ್ಟಿ ಫೋಮನ್ನು ಮಂಚದ ಅಳತೆಗೆ 5 ಇಂಚು ದಪ್ಪ ಕೊಯ್ಸಿ, ನಿಮ್ಮ ಕಣ್ಣೆದುರು ತೂಗಿಸಿ. 78x60ಕ್ಕೆ 32ರದ್ದಾದರೆ 12 ಕಿಲೋಗಿಂತ ಕಡಿಮೆ ಬರಬಾರದು, 40ರದ್ದಾದರೆ 15ರ ಹತ್ತಿರ ಬರಬೇಕು. ಅದರ ಮೇಲೆ ಹಳೆಯ ಮೆಮೊರಿ ಪದರ ಇಟ್ಟು, ಮೂರು ಬದಿ ಜಿಪ್ ಇರುವ ಹತ್ತಿಯ ಕವರ್ ಹೊಲಿಸಿ.