ಸಿಎನ್‌ಸಿ ಮೆಷಿನ್‌ಗೆ ದುಡ್ಡು ಕೊಡುವ ಮುಂಚೆ ಆ ಕೆಂಪು ಬಟನ್ ಬಿಚ್ಚಿ ನೋಡಿ

ಮನೆಯಲ್ಲೇ ಜೋಡಿಸಿದ ಕಡಿಮೆ ಬೆಲೆಯ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ತಾನೇ ಕೆತ್ತುವ ಮೆಷಿನ್) ತಗೊಳ್ಳಬೇಕು ಅಂತ ಇರುವವರು, ಕಾಲೇಜ್ ಪ್ರಾಜೆಕ್ಟ್‌ಗೆ ಮಾಡಬೇಕು ಅಂತ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಮೇಲಿರುವ ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದರೆ ಎಲ್ಲಾ ನಿಲ್ಲುತ್ತದೆ ಅಂತ ನಂಬಬೇಡಿ. ನಮ್ಮದರಲ್ಲಿ ನಿಲ್ಲಲಿಲ್ಲ.

ನನ್ನ ತಮ್ಮ ದಾವಣಗೆರೆಯ ಹದಡಿ ರಸ್ತೆ ಕಡೆ ನೇಮ್ ಪ್ಲೇಟ್ ಕೆಲಸ ಮಾಡುತ್ತಾನೆ. ಗೃಹಪ್ರವೇಶದ ಸೀಸನ್‌ನಲ್ಲಿ ಸಾಗುವಾನಿ ಹಲಗೆ ಮೇಲೆ ಮನೆ ಹೆಸರು ಕೆತ್ತಿಸುವವರು ಜಾಸ್ತಿ. ಕೈಯಲ್ಲಿ ಪೂರೈಸುವುದಿಲ್ಲ ಅಂತ ಮೆಷಿನ್ ತಗೊಂಡ. ಮಾರಿದವರ ಹೆಸರು ಇಲ್ಲಿ ಬೇಡ, ಇದೇ ಥರ ವೈರಿಂಗ್ ಮಾಡಿ ಕೊಡುವವರು ಅವರೊಬ್ಬರೇ ಅಲ್ಲ. ಮೆಷಿನ್‌ನಲ್ಲಿ ಇದ್ದದ್ದು ಆರ್ಡುಯಿನೊ ಊನೊ ಅನ್ನುವ ಸಣ್ಣ ಕಂಟ್ರೋಲ್ ಬೋರ್ಡ್, ಅದರ ಮೇಲೆ ವೈರ್ ಜೋಡಿಸುವ ಸಿಎನ್‌ಸಿ ಶೀಲ್ಡ್, ಮೋಟರ್‌ಗೆ ಕರೆಂಟ್ ಕೊಡುವ ಎ4988 ಡ್ರೈವರ್ ಚಿಪ್, ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೀಮಾ 17 ಸ್ಟೆಪ್ಪರ್ ಮೋಟರ್‌ಗಳು. ಕೆತ್ತುವ ಬಿಟ್ ಅನ್ನು ತಿರುಗಿಸುವ ಸ್ಪಿಂಡಲ್‌ಗೆ ಬೇರೆ ಪವರ್ ಸಪ್ಲೈ, ಸ್ಪೀಡ್‌ಗೆ ಒಂದು ನಾಬ್. ಈ ಸಾಮಾನುಗಳಲ್ಲಿ ತಪ್ಪಿಲ್ಲ, ಎಷ್ಟೋ ಜನ ಇವುಗಳಿಂದಲೇ ಒಳ್ಳೆ ಮೆಷಿನ್ ಮಾಡಿಕೊಂಡಿದ್ದಾರೆ. ತಪ್ಪಿರುವುದು ಜೋಡಿಸಿದ ರೀತಿಯಲ್ಲಿ.

ಏಪ್ರಿಲ್ ಮಧ್ಯಾಹ್ನ. ನಮ್ಮೂರ ಬಿಸಿಲು ಗೊತ್ತಲ್ಲ, ಮೇಲೆ ತಗಡಿನ ಶೀಟ್ ಬೇರೆ. ಕೆತ್ತನೆ ನಡೆಯುತ್ತಿದ್ದಾಗ ಸ್ಪಿಂಡಲ್ ಇದ್ದಕ್ಕಿದ್ದಂತೆ ಕೆಳಗೆ ಜಾರಿ ಬಿಟ್ ಹಲಗೆಯೊಳಗೆ ಇಳಿಯಿತು. ಅದನ್ನು ಅಡ್ಡಕ್ಕೂ ಉದ್ದಕ್ಕೂ ಸರಿಸುವ ಎಕ್ಸ್, ವೈ ಮೋಟರ್‌ಗಳು ಮಾತ್ರ ಏನೂ ಆಗದ ಹಾಗೆ ಓಡುತ್ತಲೇ ಇದ್ದವು. ತಮ್ಮ ಕೆಂಪು ಬಟನ್ ಒತ್ತಿದ. ಅವೆರಡು ನಿಂತವು. ಸ್ಪಿಂಡಲ್ ನಿಲ್ಲಲಿಲ್ಲ. ಒಂದೇ ಜಾಗದಲ್ಲಿ ತಿರುಗುತ್ತಾ ಮರ ಸುಡತೊಡಗಿತು, ಹೊಗೆ ಎದ್ದಿತು, ಸುತ್ತಮುತ್ತ ಎಲ್ಲಾ ಒಣಗಿದ ಮರದ ಪುಡಿ. ಸ್ವಿಚ್ ಇದ್ದದ್ದು ಮೆಷಿನ್ ಹಿಂದಿನ ಗೋಡೆಯಲ್ಲಿ. ಅವನು ಬಗ್ಗಿ ಅದಕ್ಕೆ ಕೈ ಚಾಚಿದಾಗಲೇ ಬಿಟ್ ಮುರಿದು ಹಾರಿ ಹುಬ್ಬಿನ ಮೇಲೆ ಕೊಯ್ದುಕೊಂಡು ಹೋಯಿತು. ಒಂದು ಬೆರಳಷ್ಟು ಕೆಳಗೆ ತಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಹೊಲಿಗೆ ಹಾಕಿಸಿಕೊಂಡು ಬರುವಾಗಲೂ ನನ್ನ ಕೈ ನಡುಗುತ್ತಿತ್ತು.

ಆಮೇಲೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಡಬ್ಬಿ ಬಿಚ್ಚಿಸಿದೆವು. ಬಟನ್‌ನಿಂದ ಹೊರಟ ಎರಡು ತೆಳ್ಳನೆ ವೈರು ಶೀಲ್ಡ್ ಮೇಲಿನ ಅಬಾರ್ಟ್ ಪಿನ್‌ಗೆ ಹೋಗಿದ್ದವು, ಅಷ್ಟೇ. ಅಂದರೆ ಅದು ಕರೆಂಟ್ ಕಡಿಯುವ ಬಟನ್ ಅಲ್ಲವೇ ಅಲ್ಲ, ಆರ್ಡುಯಿನೊದಲ್ಲಿರುವ ಜಿಆರ್‌ಬಿಎಲ್ ಅನ್ನುವ ಸಾಫ್ಟ್‌ವೇರ್‌ಗೆ ನಿಲ್ಲಿಸು ಅಂತ ಹೇಳುವ ಬಟನ್. ಸ್ಪಿಂಡಲ್ ಆ ಬೋರ್ಡ್‌ನ ಮಾತು ಕೇಳುವುದೇ ಇಲ್ಲ. ಸಾಲದ್ದಕ್ಕೆ ಅದು ಒತ್ತಿದಾಗ ಕೂಡುವ ಎನ್‌ಓ ಕಾಂಟ್ಯಾಕ್ಟ್. ವೈರ್ ಎಲ್ಲೋ ತುಂಡಾಗಿದ್ದರೂ ಒತ್ತುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಎಮರ್ಜೆನ್ಸಿ ಬಟನ್ ಯಾವಾಗಲೂ ಎನ್‌ಸಿ, ಅಂದರೆ ಒತ್ತಿದಾಗ ಬಿಡುವ ಕಾಂಟ್ಯಾಕ್ಟ್ ಇರಬೇಕು. ವೈರ್ ಕಿತ್ತುಬಂದರೂ ಮೆಷಿನ್ ನಿಲ್ಲಬೇಕು. ಒಂದು ಕಾಂಟ್ಯಾಕ್ಟರ್ (ಕರೆಂಟ್‌ನಿಂದ ಕೂಡಿ ಬಿಡುವ ದೊಡ್ಡ ಸ್ವಿಚ್) ಮೂಲಕ ಮೋಟರ್ ಸಪ್ಲೈ, ಸ್ಪಿಂಡಲ್ ಸಪ್ಲೈ ಎರಡಕ್ಕೂ ಹೋಗುವ 230 ವೋಲ್ಟ್ ಅನ್ನೇ ಅದು ಕಡಿಯಬೇಕು.

ಸ್ಪಿಂಡಲ್ ಜಾರಿದ್ದು ಯಾಕೆ ಅನ್ನುವುದು ಇನ್ನೊಂದು ಕಥೆ. ಎ4988 ಅನ್ನು 2 ಆಂಪಿಯರ್ ಡ್ರೈವರ್ ಅಂತ ಮಾರುತ್ತಾರೆ, ಆದರೆ ಹೀಟ್‌ಸಿಂಕ್, ಗಾಳಿ ಇಲ್ಲದೆ ಅದು ತಡೆಯುವುದು 1 ಆಂಪಿಯರ್ ಆಸುಪಾಸು. ನಮ್ಮದರಲ್ಲಿ ಫ್ಯಾನ್ ಇರಲಿಲ್ಲ, ಬೋರ್ಡ್ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು, ಕರೆಂಟ್ ಹೊಂದಿಸುವ ಸಣ್ಣ ಸ್ಕ್ರೂ ಮಾತ್ರ ಕೊನೆವರೆಗೂ ತಿರುಗಿಸಿಟ್ಟಿದ್ದರು. ಅತಿಯಾಗಿ ಕಾದರೆ ಆ ಚಿಪ್ ತಾನೇ ಆಫ್ ಆಗುತ್ತದೆ, ಮೋಟರ್ ಹಿಡಿತ ಬಿಡುತ್ತದೆ. ಸ್ಪಿಂಡಲ್ ಅನ್ನು ಮೇಲೆ ಕೆಳಗೆ ಮಾಡುವ ಝಡ್‌ಗೆ ಹಾಕಿದ್ದದ್ದು ಒಂದು ಸುತ್ತಿಗೆ 8 ಮಿ.ಮೀ. ಸಾಗುವ ಟಿ8 ಲೀಡ್ ಸ್ಕ್ರೂ, ಅದು ಸ್ಪಿಂಡಲ್ ಭಾರಕ್ಕೆ ತಾನಾಗಿಯೇ ತಿರುಗಿಬಿಡುತ್ತದೆ. 2 ಮಿ.ಮೀ. ಲೀಡ್ ಇರುವುದು ಹಾಗೆ ಸುಲಭಕ್ಕೆ ಜಾರುವುದಿಲ್ಲ. ಈ ಸ್ಟೆಪ್ಪರ್ ಮೋಟರ್‌ಗಳಲ್ಲಿ ಎಷ್ಟು ತಿರುಗಿತು ಅಂತ ತಿಳಿಸುವ ಎನ್‌ಕೋಡರ್ ಇರುವುದಿಲ್ಲ ಅಲ್ವಾ, ಹಾಗಾಗಿ ಮೆಷಿನ್ ಲೆಕ್ಕದಲ್ಲಿ ಝಡ್ ಇನ್ನೂ ಮೇಲೇ ಇತ್ತು.

ಅರ್ಥಿಂಗ್ ಕೂಡ ಇರಲಿಲ್ಲ. ಪವರ್ ಸಪ್ಲೈ ಡಬ್ಬಿಯ (ಎಸ್‌ಎಂಪಿಎಸ್) ಅರ್ಥ್ ಸ್ಕ್ರೂ ಖಾಲಿ, ಎರಡು ಪಿನ್ನಿನ ಪ್ಲಗ್. ಫ್ರೇಮ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ತಮ್ಮ ಮುಂಚೆಯೇ ಹೇಳಿದ್ದಕ್ಕೆ ಮಾರಿದವರು "ಅದೆಲ್ಲಾ ಕಾಮನ್ ಸಾರ್" ಅಂದಿದ್ದರು. ಈ ಸಲ ಫೋನ್ ಮಾಡಿದರೆ "ನಿಮ್ಮ ಏರಿಯಾದಲ್ಲಿ ವೋಲ್ಟೇಜ್ ಪ್ರಾಬ್ಲಂ" ಅಂದರು. ತುಂಬಾ ಸಿಟ್ಟು ಬಂತು. ವೋಲ್ಟೇಜ್ ಹೇಗೇ ಇರಲಿ, ಒತ್ತಿದಾಗ ನಿಲ್ಲಿಸಲಿಕ್ಕೇ ಅಲ್ವಾ ಆ ಬಟನ್ ಇರುವುದು?

ನೀವು ನೋಡಲು ಹೋದರೆ ಬಿಟ್ ತೆಗೆಸಿ, ಸ್ಪಿಂಡಲ್ ಓಡಿಸಿ, ಬಟನ್ ಒತ್ತಿ. ಸ್ಪಿಂಡಲ್ ನಿಧಾನವಾಗುತ್ತಾ ಬಂದು ಪೂರ್ತಿ ನಿಲ್ಲದಿದ್ದರೆ ಸುಮ್ನೆ ವಾಪಸ್ ಬನ್ನಿ. ಝಡ್ ಕೆಳಗೆ ಒಂದು ಮರದ ತುಂಡು ಇಟ್ಟು ಪೂರ್ತಿ ಪವರ್ ಆಫ್ ಮಾಡಿ, ಸ್ಪಿಂಡಲ್ ಇಳಿಯುತ್ತಾ ನೋಡಿ. ಇಳಿಯುವ ಮೆಷಿನ್‌ಗೆ ಒಳ್ಳೆ ಬಟನ್ ಹಾಕಿದರೂ ಅರ್ಧ ಕೆಲಸವೇ, ಯಾಕೆಂದರೆ ಕರೆಂಟ್ ಕಡಿದ ತಕ್ಷಣ ಅದು ಮತ್ತೆ ಜಾರುತ್ತದೆ.

ಜಾರದಿರಲಿ ಅಂತ ಝಡ್‌ನ ಲೀಡ್ ಸ್ಕ್ರೂ ಬದಲಾಯಿಸುವವರು ಇನ್ನೊಂದು ಗಮನಿಸಿ. ಮೋಟರ್‌ನ ಒಂದು ಸುತ್ತಿಗೆ 200 ಸ್ಟೆಪ್, ಒಂದೊಂದು ಸ್ಟೆಪ್‌ಗೆ 16 ಮೈಕ್ರೋಸ್ಟೆಪ್ ಇದ್ದರೆ 8 ಮಿ.ಮೀ. ಸ್ಕ್ರೂಗೆ ಪ್ರತಿ ಮಿ.ಮೀ.ಗೆ 400 ಮೈಕ್ರೋಸ್ಟೆಪ್, 2 ಮಿ.ಮೀ. ಸ್ಕ್ರೂಗೆ 1600. ಜಿಆರ್‌ಬಿಎಲ್‌ನಲ್ಲಿ ಝಡ್‌ನ ಈ ಲೆಕ್ಕ ಇಡುವ $102 ಅನ್ನುವ ಸೆಟ್ಟಿಂಗ್ ತಿದ್ದದೆ ಹಾಗೇ ಓಡಿಸಿದರೆ 5 ಮಿ.ಮೀ. ಎತ್ತು ಅಂದಾಗ 1.25 ಮಾತ್ರ ಎತ್ತುತ್ತದೆ, ಬಿಟ್ ಹಲಗೆಯಲ್ಲೋ ಕ್ಲಾಂಪಿಗೋ ಸಿಕ್ಕಿಕೊಳ್ಳುತ್ತದೆ.

ಕಾಂಟ್ಯಾಕ್ಟರ್ ವೈರಿಂಗ್‌ಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡುವವರಿಗೆ ಇದು ದಿನಾ ಮಾಡುವ ಕೆಲಸ, ಸ್ಟಾರ್ಟರ್‌ನ ಕೆಂಪು ಬಟನ್ ಇರುವುದೂ ಎನ್‌ಸಿಯೇ. ನಮಗೂ ಅಂಥವರೊಬ್ಬರು ಮಾಡಿಕೊಟ್ಟರು. ಈಗ ಕರೆಂಟ್ ಹೋಗಿ ಬಂದರೂ ಹಸಿರು ಬಟನ್ ಒತ್ತುವವರೆಗೆ ಸ್ಪಿಂಡಲ್ ತಿರುಗುವುದಿಲ್ಲ.