ರೆಬೆಕಾ ನರ್ಸ್ ಮನೆ: ಟಿಕೆಟ್ ದುಡ್ಡು ಸಾರ್ಥಕ

ಬಾಸ್ಟನ್ ಕಡೆ ಬಂದವರು ಸೇಲಂ ಪೇಟೆಯಲ್ಲಿ ಮಾಟಗಾತಿ ಟೋಪಿ ಕೊಂಡು ವಾಪಸ್ ಹೋಗುತ್ತಾರೆ. ದಯವಿಟ್ಟು ಪಕ್ಕದ ಡ್ಯಾನ್ವರ್ಸ್‌ಗೂ ಹೋಗಿ, ಈ ಮನೆ ಇರುವುದು ಅಲ್ಲೇ. ಹಳೆಯ ಸೇಲಂ ಹಳ್ಳಿ ಅದೇ, 1692ರಲ್ಲಿ ಜನರ ಮೇಲೆ ಮಾಟಮಂತ್ರದ ಆರೋಪಗಳು ಹುಟ್ಟಿದ್ದೂ ಅಲ್ಲೇ. ಗೈಡ್ ನಿಧಾನವಾಗಿ, ಮನಸ್ಸಿಟ್ಟು ಹೇಳಿದರು.

ಮಾಟಗಾತಿ ಎಂಬ ಆರೋಪ ಹೊತ್ತ ರೆಬೆಕಾಗೆ ಆಗ 71 ವರ್ಷ, ಕಿವಿ ಮಂದ. ಜ್ಯೂರಿ ಮೊದಲು ತಪ್ಪಿಲ್ಲ ಎಂದಿತ್ತು, ಆದರೆ ಗಲಾಟೆ ಎದ್ದಿತು, ಮತ್ತೆ ಯೋಚಿಸಿ ಎಂದರು ನ್ಯಾಯಾಧೀಶರು, ಆಗ ಕೇಳಿದ ಒಂದು ಪ್ರಶ್ನೆ ಅಜ್ಜಿಗೆ ಕೇಳಿಸಲೇ ಇಲ್ಲ, ಆ ಮೌನವೇ ಅವರಿಗೆ ಮುಳುವಾಯಿತು. ಜುಲೈ 19ಕ್ಕೆ ನೇಣು. ಎಂಥ ಅನ್ಯಾಯ ಅಲ್ವಾ?

ಅಲ್ಲಿನ ಸ್ಮಶಾನದ ಕಲ್ಲನ್ನು ತಪ್ಪದೇ ನೋಡಿ. ಅಜ್ಜಿ ಒಳ್ಳೆಯವರು ಎಂದು ಧೈರ್ಯದಿಂದ ಸಹಿ ಹಾಕಿದ ನೆರೆಹೊರೆಯವರ ಹೆಸರುಗಳು ಅದರ ಮೇಲಿವೆ. ಒಂದೊಂದೇ ಓದುತ್ತಾ ತುಂಬಾ ಹೊತ್ತು ನಿಂತೆ.

ವರ್ಷವಿಡೀ ತೆರೆದಿರುವುದಿಲ್ಲ, ಸಮಯ ನೋಡಿಕೊಂಡು ಹೋಗಿ.